ತಗಡಿನ ಮನೆಯ ಧಡಲ್

ನಮ್ಮ ಮನೆಯ ಫ್ರಿಜ್ಜು ಶುರುವಾಗುವಾಗ ಅಡುಗೆಮನೆಯ ದೀಪ ಒಮ್ಮೆ ಕಣ್ಣು ಮಿಟುಕಿಸುತ್ತದೆ. ಎಷ್ಟೋ ವರ್ಷಗಳಿಂದ ಮಿಟುಕಿಸುತ್ತಲೇ ಇದ್ದಿರಬೇಕು. ನಾನು ಗಮನಿಸಿದ್ದು ಈ ಮಳೆಗಾಲದ ನಂತರ. ಮನೆಯಲ್ಲಿ ಒಬ್ಬರು ಇಲ್ಲವಾದ ಮೇಲೆ ಉಳಿದ ಸಪ್ಪಳಗಳೆಲ್ಲ ದೊಡ್ಡವಾಗುತ್ತವೆ. ಈಗ ದೀಪ ಮಿಟುಕಿಸಿದಾಗಲೆಲ್ಲ ಏನೋ ಆಗಿಹೋಯಿತೆಂದು ದಡಬಡಿಸಿ ಎದ್ದು ನಿಲ್ಲುತ್ತೇನೆ. ಏನೂ ಆಗಿರುವುದಿಲ್ಲ. ಹಾಲು ತಣ್ಣಗಾಗುತ್ತಿರುತ್ತದೆ, ಅಷ್ಟೆ.

ನಾನು ಬ್ಯಾಡಗಿಯ ಒಬ್ಬ ದರ್ಜಿ. ಮಳೆಗಾಲದಲ್ಲಿ ಜ್ವರ ಬಂದು, ಹಾವೇರಿಯ ಆಸ್ಪತ್ರೆಯಲ್ಲಿ ತೀರಿಕೊಂಡ ನೀಲಾ ನನ್ನ ಹೆಂಡತಿ. ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವ ರೂಢಿಯುಂಟು. ಹಾಗಾಗಿ ನೀಲಾ ನನ್ನ ಅಕ್ಕನ ಮಗಳೂ ಹೌದು. ವಿಧವೆಯಾದ ಅಕ್ಕ ಮೊದಲಿನಿಂದಲೂ ನಮ್ಮ ಜೊತೆಗೇ ಇದ್ದವಳು. ಈಗ ಮನೆಯಲ್ಲಿ ಉಳಿದವರು ನಾವಿಬ್ಬರೇ. ಸಾಂತ್ವನ ಹೇಳಲು ಬಂದವರಿಗೆ ಮೊದಲು ಯಾರ ಕಡೆ ತಿರುಗಬೇಕೆಂಬುದೇ ಗೊತ್ತಾಗುತ್ತಿರಲಿಲ್ಲ. ನಮಗೂ ಗೊತ್ತಾಗಲಿಲ್ಲ. ಆಕೆಗೆ ನೋವಾದೀತೆಂದು ನಾನು, ನನಗೆ ನೋವಾದೀತೆಂದು ಆಕೆ, ನೀಲಾಳ ಹೆಸರನ್ನೇ ಎತ್ತದೆ ದಿನ ದೂಡುತ್ತಿದ್ದೆವು. ಉಪ್ಪು ಎಲ್ಲಿದೆ, ಗ್ಯಾಸ್ ಮುಗಿಯಿತೇ ಎಂಬಂಥ ಮಾತುಗಳಲ್ಲೇ ಸಂಸಾರ ಸಾಗುತ್ತಿತ್ತು.

ತಾಯಿ ಮಗಳಿಬ್ಬರಿಗೂ ಉಬ್ಬಸ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಬ್ಯಾಡಗಿಗೆ ಬಂದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಊರಿಗೆ ಊರೇ ಸೀನುತ್ತದೆ. ಆ ಘಾಟಿನಿಂದ ಇಬ್ಬರನ್ನೂ ಪಾರುಮಾಡಲೆಂದು ಎರಡು ವರ್ಷದ ಹಿಂದೆ ಹಳೆಯ ಟ್ರಾಕ್ಟರ್ ಟ್ರೇಲರಿಗೆ ರಾಣೆಬೆನ್ನೂರಿನಲ್ಲಿ ತಗಡಿನ ಗೋಡೆ, ಚಾವಣಿ ಕಟ್ಟಿಸಿದೆ. ಸುಗ್ಗಿ ಮುಗಿಯುವವರೆಗೆ ಅದು ಕದರಮಂಡಲಗಿಯ ಆಚೆ ಗೆಳೆಯನ ಹೊಲದಲ್ಲಿ ನಿಲ್ಲುತ್ತಿತ್ತು. ತಗಡು ಮಧ್ಯಾಹ್ನಕ್ಕೆ ಹಂಚಿನಂತೆ ಕಾಯುವುದರಿಂದ ಹಳೆಯದೊಂದು ಕಿಟಕಿ ಎಸಿಯನ್ನೂ ಕೂಡಿಸಿದೆ. ನನ್ನ ಬುದ್ಧಿವಂತಿಕೆ ಅಲ್ಲಿಗೆ ಮುಗಿದಿತ್ತು. ಹೊಲದಲ್ಲಿ ಕರೆಂಟಿಲ್ಲ; ಎಸಿ ‘ಧಡಲ್’ ಎಂದು ಎದ್ದರೆ ಅದಕ್ಕೆಂದು ತಂದ ಪುಟ್ಟ ಜನರೇಟರ್ ಉಸಿರು ಕಟ್ಟಿ ಮಲಗುತ್ತಿತ್ತು. ನಾನು ಹೋಗಿ ಹಗ್ಗ ಜಗ್ಗಬೇಕು. ಸುಗ್ಗಿಯುದ್ದಕ್ಕೂ ನನ್ನ ವ್ಯಾಯಾಮ ಅದೇ.

ಈ ಸಲವೂ ಮೆಣಸಿನಕಾಯಿಯ ಚೀಲಗಳು ಮಾರುಕಟ್ಟೆಗೆ ಬರತೊಡಗಿದವು, ಅಕ್ಕನ ಉಸಿರು ಸಿಳ್ಳೆ ಹಾಕತೊಡಗಿತು. ಹೊಲಕ್ಕೆ ಹೋಗೋಣವೆಂದರೆ ಒಲ್ಲೆ ಎಂದಳು.

“ಆ ಧಡಲ್ ಸಪ್ಪಳಕ್ಕ ನನ್ನ ಎದಿ ಒಡೀತೈತಿ, ತಮ್ಮಾ. ಅದು ನಿಂತ್ರ ಬರ್ತೇನಿ. ಇಲ್ಲಾಂದ್ರ ಇಲ್ಲೇ ಕೆಮ್ಮಕೋತ ಇರ್ತೇನಿ.”

ಹಟ ನಮ್ಮ ಮನೆತನದ ಗುಣ. ಇನ್ನೊಬ್ಬರನ್ನು ಅದೇ ಆಸ್ಪತ್ರೆಗೆ ಒಯ್ಯುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ವಿಚಾರಿಸಿದಾಗ ಸಾಫ್ಟ್ ಸ್ಟಾರ್ಟರ್ ಎಂಬ ಡಬ್ಬಿಯೊಂದಿದೆ, ಎಸಿಗೆ ಒಮ್ಮೆಲೇ ಕರೆಂಟು ಸುರಿಯದೆ ಮೆಲ್ಲಗೆ ಕೊಟ್ಟು ಎಬ್ಬಿಸುತ್ತದೆ ಎಂದು ತಿಳಿಯಿತು. ತರಿಸಿದೆ. ಜೋಡಿಸಲು ರಾಣೆಬೆನ್ನೂರಿನಿಂದ ಬಸಣ್ಣ ಬಂದ.

ಬಸಣ್ಣನಿಗೆ ಕೈಗಿಂತ ಬಾಯಿ ಚುರುಕು. ಮನೆಯ ಪಕ್ಕ ನಿಂತಿದ್ದ ಟ್ರೇಲರಿನೊಳಗೆ ಮೊಬೈಲನ್ನು ಗೋಡೆಗೆ ಒರಗಿಸಿ, ಯಾರೋ ತಂತಿ ಜೋಡಿಸುವ ವಿಡಿಯೋ ಹಚ್ಚಿಟ್ಟುಕೊಂಡ. “ನಂದೂ ಇದು ಮೊದಲ್ನೇದ ಕಾಕಾ, ಆದ್ರ ಹೆದರಬ್ಯಾಡ್ರಿ” ಎಂದ. ಅದುವರೆಗೆ ಅರ್ಧ ಹೆದರಿದ್ದವನು ಪೂರ್ತಿ ಹೆದರಿದೆ. ಸಹಾಯ ಮಾಡುವ ಉಮೇದಿನಲ್ಲಿ ನಾನು ಎಸಿಯೊಳಗಿನ ಕೆಪಾಸಿಟರಿಗೆ ಕೈ ಹಾಕಹೋದಾಗ ಮಾತ್ರ ಅವನು ಚೀರಿದ: “ಕರೆಂಟ್ ತಗದೇವಂತ ಮುಟ್ಟಬ್ಯಾಡ್ರಿ! ಇದರಾಗ ಇನ್ನೂ ಉಳದಿರ್ತೈತಿ, ಒದೀತೈತಿ.” ನಾನು ಕೈ ಹಿಂತೆಗೆದುಕೊಂಡು ಬಹಳ ಹೊತ್ತು ಆ ಕೆಪಾಸಿಟರನ್ನೇ ನೋಡುತ್ತ ಕುಳಿತೆ.

ಡಬ್ಬಿ ಕೂತಿತು. ಜನರೇಟರ್ ಹಚ್ಚಿ ಎಸಿ ಒತ್ತಿದ. ಧಡಲ್! ಜನರೇಟರ್ ನರಳಿತು, ಬಾಗಿಲಲ್ಲಿ ಕೂತಿದ್ದ ಅಕ್ಕ ಎದೆ ಹಿಡಿದುಕೊಂಡಳು.

“ಹೋದ ವರ್ಷದ್ದ ಸಪ್ಪಳ ಐತಲ್ಲೋ ಇದು! ರೊಕ್ಕಾ ನೀರಾಗ ಹಾಕಿದಿ.”

“ತಡೀರಿ ಆಯಿ,” ಎಂದ ಬಸಣ್ಣ, ಮೊಬೈಲಿನ ಕಡೆ ಕಳ್ಳನೋಟ ಹಾಕುತ್ತ. “ಇದಕ್ಕ ಈ ಎಸಿ ಗುಣಾ ಇನ್ನೂ ಗೊತ್ತಿಲ್ಲ. ಮೊದಲ ನಾಕೈದು ಸಲ ನೋಡಿ ಕಲೀತೈತಂತ. ನಡುನಡುವ ಸುಮ್ನ ಕಾಯಬೇಕ್ರಿ.”

“ಹೊಸಾ ಸೊಸಿ ಬಂದಂಗ ಅನ್ನು.”

“ಅಳಿಯಾ ಬಂದಂಗ ಅನ್ರಿ ಆಯಿ. ಸೊಸಿ ಲಗೂ ಕಲೀತಾಳ.”

ಕಾದೆವು. ಮಂಡಕ್ಕಿ ತಿಂದೆವು. ಎರಡನೆಯ ಸಲವೂ ಧಡಲ್, ಸ್ವಲ್ಪ ಸಣ್ಣದು. ಮತ್ತೆ ಕಾದೆವು. ಇದೂ ಕೈಕೊಟ್ಟರೆ ಅಕ್ಕನನ್ನು ಒಪ್ಪಿಸುವ ಬೇರೆ ದಾರಿ ಯಾವುದೆಂದು ನಾನು ಒಳಗೊಳಗೇ ಬೆವರುತ್ತಿದ್ದೆ. ಆಗ ಬಸಣ್ಣ ಹೊತ್ತು ಕಳೆಯಲೆಂದು ಕಿಟಕಿಯ ಪರದೆ ಮುಟ್ಟಿ ನೋಡಿದ.

“ಅಂಚು ಭಾಳ ಚಲೋ ಹೊಲದಾರಲ್ರಿ. ಯಾರು ಹೊಲದಿದ್ದು ಕಾಕಾ?”

ನಾನು ಅಕ್ಕನ ಕಡೆ ನೋಡಿದೆ. ಅಕ್ಕ ನನ್ನ ಕಡೆ ನೋಡಿದಳು.

“ನೀಲಾ,” ಎಂದಳು ಅಕ್ಕ. “ನನ್ನ ಮಗಳು.” ನಾಲ್ಕು ತಿಂಗಳಲ್ಲಿ ಮೊದಲ ಸಲ. ಉಸಿರೆಳೆದುಕೊಂಡು ಮುಂದುವರಿಸಿದಳು: “ಅಂಚು ಹೊಲಿಯೂದು ನಾ ಕಲಿಸಿದ್ದು. ಈತ ಮಾತ್ರ ತಾನ ಕಲಿಸೇನಂತ ಊರ ತುಂಬ ಹೇಳ್ಕೋತ ತಿರಗತಿದ್ದ.”

ದರ್ಜಿಯ ಸ್ವಾಭಿಮಾನ ಕೆರಳಿತು. “ಕಾಜಾ ಮಾಡೂದು ಯಾರು ಕಲಿಸಿದ್ರು ಅಕ್ಕಾ?”

“ನೀಲಾನ ಕಾಜಾ ಹೆಂಗಿದ್ವು ಅಂತ ಗೊತ್ತೈತಿ ನನಗ. ಗುಂಡಿ ಒಳಗ ಹೊಕ್ಕರ ಹೊರಗ ಬರತಿರ್ಲಿಲ್ಲ!”

ನೀವು ಹೊಲಿಗೆಯಂತ್ರದ ಮುಂದೆ ಕುಳಿತಿದ್ದರೆ ಬಲ್ಲಿರಿ: ಮೊದಲು ಚಕ್ರವನ್ನು ಕೈಯಿಂದ ಒಂದಿಷ್ಟು ತಿರುಗಿಸಿಕೊಟ್ಟು, ಆಮೇಲೆ ಕಾಲು ಒತ್ತಬೇಕು. ಒಮ್ಮೆಲೇ ತುಳಿದರೆ ಚಕ್ರ ಹಿಂದಕ್ಕೆ ಓಡಿ ದಾರ ಹರಿಯುತ್ತದೆ. ನೀಲಾಳಿಗೆ ನಾನು ಹೇಳಿಕೊಟ್ಟ ಮೊದಲ ಪಾಠ ಅದು, ಬೇಕಿದ್ದರೆ ಅಕ್ಕನೇ ಸಾಕ್ಷಿ ಎಂದು ವಾದಿಸಿದೆ. ಅಕ್ಕ ಸಾಕ್ಷಿ ಹೇಳಲು ಒಪ್ಪಲಿಲ್ಲ. ನೀಲಾ ಹರಿದ ದಾರಗಳು, ಮುರಿದ ಸೂಜಿಗಳು, ತಿರುವುಮುರುವು ತೋಳು ಹಚ್ಚಿದ ನನ್ನ ಅಂಗಿ, ಎಲ್ಲ ಮಾತಿನಲ್ಲಿ ಹೊರಬಂದವು. ಅಕ್ಕ ಕಣ್ಣೊರೆಸಿಕೊಂಡು ಜಗಳಾಡಿದಳು, ಜಗಳಾಡುತ್ತ ಕಣ್ಣೊರೆಸಿಕೊಂಡಳು. ನಾನೂ ಅಷ್ಟೇ.

“ಕಾಕಾ,” ಎಂದು ಬಸಣ್ಣ ಕೆಮ್ಮಿದ. “ಎಸಿ ಚಾಲೂ ಆಗಿ ಭಾಳ ಹೊತ್ತಾತ್ರಿ.”

ನಮ್ಮ ಜಗಳದ ನಡುವೆ ಅವನು ಮೂರನೆಯ ಸಲ ಒತ್ತಿದ್ದ. ಕೈಯೊಡ್ಡಿ ನೋಡಿದೆ. ತಂಪು ಬರುತ್ತಿತ್ತು. ಅದು ಎದ್ದ ಸಪ್ಪಳ ಮೂವರಲ್ಲಿ ಇಬ್ಬರಿಗೆ ಕೇಳಿರಲೇ ಇಲ್ಲ. ಅಕ್ಕ ಸೆರಗು ಕೊಡವಿ ಎದ್ದಳು: “ನಾಳೆ ಟ್ರಾಕ್ಟರ್ ಹೇಳು.”

ಮರುದಿನ ಪಾತ್ರೆ ಕಟ್ಟುತ್ತಿದ್ದಾಗ ಅಡುಗೆಮನೆಯ ದೀಪ ಮಿಟುಕಿಸಿತು. ನಾನು ಎದ್ದು ನಿಂತೆ. ಫ್ರಿಜ್ಜಿಗೂ ಅಂಥದೊಂದು ಡಬ್ಬಿ ಸಿಕ್ಕೀತೇ, ಬಸಣ್ಣನನ್ನು ಕೇಳಲೇ ಎಂದೆ.

“ಇರ್ಲಿ ಬಿಡೋ,” ಎಂದಳು ಅಕ್ಕ, ಬುಟ್ಟಿಯಿಂದ ತಲೆಯೆತ್ತದೆ. “ನೀಲಾ ಅದನ್ನ ನೋಡಿ ನಗತಿದ್ಲು. ‘ಅವ್ವಾ, ಫ್ರಿಜ್ ಥೇಟ್ ಮಾಮಾನಂಗ. ಸಣ್ಣ ಕೆಲಸಕ್ಕೂ ಮನಿ ನಡುಗಿಸೇ ಏಳತೈತಿ’ ಅಂತಿದ್ಲು.”

ನನಗೆ ಗೊತ್ತಿಲ್ಲದ ನೀಲಾಳ ಮಾತೊಂದು ಇನ್ನೂ ಉಳಿದಿತ್ತು. ಎದ್ದು ನಿಂತದ್ದಕ್ಕೆ ನಾಚಿಕೆಯಾಗಿ, ಏನೋ ಕೆಲಸವಿದ್ದವನಂತೆ ಫ್ರಿಜ್ಜಿನ ಬಾಗಿಲು ತೆರೆದು ಹಾಲು ಮುಟ್ಟಿ ನೋಡಿದೆ. ತಣ್ಣಗಿತ್ತು.