ಅಪ್ಪನಿಗಿಲ್ಲದ ಶುಗರ್

ಟೆಂಪೋಗೆ ಟೊಮೆಟೊ ಬಾಕ್ಸು ಏರಿಸುವಾಗ ಕಾಲು ಜಾರಿ ಬಿದ್ದು ಅಪ್ಪ ತೊಡೆಯ ಮೂಳೆ ಮುರಿದುಕೊಂಡರು. ಕೋಲಾರದ ಒಂದು ಆಸ್ಪತ್ರೆಗೆ ಸೇರಿಸಿದೆವು. ದಾಖಲು ಮಾಡಿಕೊಳ್ಳುವ ಹುಡುಗಿ ಅವರ ಮುಖವನ್ನೂ ನೋಡಲಿಲ್ಲ. ಅಪ್ಪನ ಹಳೇ ಆಸ್ಪತ್ರೆ ಕಾರ್ಡಿನ ನಂಬರು ಒತ್ತಿ ಕಂಪ್ಯೂಟರಿನಲ್ಲಿ ಬಂದದ್ದನ್ನು ಓದಿದಳು. ಬಿಪಿ ಮಾತ್ರೆ, ಶುಗರ್ ಮಾತ್ರೆ.

"ಬಿಪಿ ಸರಿ. ಶುಗರ್ ನಂದಲ್ಲಮ್ಮ, ನಮ್ಮನೆಯೋರ್ದು," ಎಂದರು ಅಪ್ಪ.

ಅಮ್ಮನಿಗೆ ಬಸ್ಸು ಆಗಿಬರುವುದಿಲ್ಲ. ನಮ್ಮೂರು ಬೈರಕೂರಿನಿಂದ ಟೊಮೆಟೊ ಮಂಡಿಗೆ ಬರುವ ಅಪ್ಪನೇ ಇದೇ ಆಸ್ಪತ್ರೆಯಲ್ಲಿ ಇಬ್ಬರ ಮಾತ್ರೆಯನ್ನೂ ತೆಗೆದುಕೊಂಡು ಹೋಗುತ್ತಿದ್ದರು. ರೋಗಿ ಬಾರದೆ ಕೊಡುವಂತಿಲ್ಲವೆಂದು ಕೌಂಟರಿನವನೇ ಎಲ್ಲವನ್ನೂ ಅಪ್ಪನ ಹೆಸರಿಗೆ ಹಾಕಿಕೊಟ್ಟಿದ್ದ. ನಮ್ಮ ಕಡೆ ಹೀಗೆ ತರುವವರು ಎಷ್ಟೋ ಮಂದಿ.

ಇದಷ್ಟನ್ನೂ ಬಿಡಿಸಿ ಹೇಳಿದೆ. ಹುಡುಗಿ ತಲೆಯಾಡಿಸಿ ಏನೋ ಒತ್ತಿದಳು. ತೆಗೆದುಹಾಕಿದಳು ಅಂದುಕೊಂಡೆ.

ಮರುದಿನ ಬೆಳಿಗ್ಗೆ ನಾನು ಕಾಫಿ ತರುವಷ್ಟರಲ್ಲಿ ಅಪ್ಪ ಬೆವರಿನಲ್ಲಿ ತೊಯ್ದು ನಡುಗುತ್ತಿದ್ದರು. ನೋವಿಗೆ ಹಿಂದಿನ ದಿನದಿಂದ ಒಂದು ತುತ್ತೂ ತಿಂದಿರಲಿಲ್ಲ. ಮಾತು ತೊದಲುತ್ತಿತ್ತು, ನನ್ನ ಗುರುತೇ ಸಿಗಲಿಲ್ಲ. ನರ್ಸ್ ಓಡಿ ಬಂದು ಗ್ಲೂಕೋಸ್ ಹಾಕಿದಳು. ನಾನಿಲ್ಲದಾಗ ಬೆಳಗಿನ ಜಾವವೇ ಶುಗರ್ ಮಾತ್ರೆ ನುಂಗಿಸಿ ಹೋದವಳೂ ಅವಳೇ.

"ಇವ್ರಿಗೆ ಶುಗರ್ ಇಲ್ಲ ಅಂತ ನೆನ್ನೆನೇ ಹೇಳಿದ್ವಲ್ಲ?"

"ಸಿಸ್ಟಮಲ್ಲಿ ಇದೆ ಮೇಡಂ. ಪೇಷಂಟ್ ಹೇಳಿದ್ದನ್ನೆಲ್ಲ ನಂಬಕ್ಕಾಗಲ್ಲ."

ಆ ತಣ್ಣನೆಯ ಉತ್ತರಕ್ಕೆ ಥೂ ಎನ್ನಿಸಿತು. ಬಾಯಿರುವ ಮನುಷ್ಯ ಎದುರಿಗೇ ಮಲಗಿರುವಾಗ ಇವರು ಕಂಪ್ಯೂಟರನ್ನು ಕೇಳುತ್ತಾರೆ.

ಅಪ್ಪ ಚೇತರಿಸಿಕೊಂಡರು, ಕಾಲಿಗೆ ರಾಡ್ ಹಾಕಿದರು. ಮನೆಗೆ ಕಳಿಸುವಾಗ ಕೊಟ್ಟ ಹಾಳೆಯಲ್ಲಿ ಮತ್ತೆ ಅದೇ: ಸಕ್ಕರೆ ಕಾಯಿಲೆ ಚೆನ್ನಾಗಿ ಹತೋಟಿಯಲ್ಲಿದೆ, ಇದೇ ಮಾತ್ರೆ ಮುಂದುವರಿಸುವುದು. ಇಲ್ಲದ ಕಾಯಿಲೆ ಹತೋಟಿಯಲ್ಲಿರದೆ ಇನ್ನೇನಾಗುತ್ತದೆ? ಡಾಕ್ಟರ ಮುಂದೆ ಹಾಳೆ ಹಿಡಿದೆ. "ಮುಂದಿನ ಸಲ ಬಂದಾಗ ಸರಿಮಾಡೋಣ" ಎಂದರು, ಮೊಬೈಲಿನಿಂದ ಕಣ್ಣೆತ್ತದೆ. ಅಲ್ಲಿ ಇನ್ನೊಂದು ನಿಮಿಷ ನಿಲ್ಲಲೂ ಅಸಹ್ಯವಾಯಿತು.

ಮನೆಯಲ್ಲಿ ಅಮ್ಮ ಔಷಧಿಯ ಚೀಲ ಬಿಚ್ಚಿದಳು. ಶುಗರ್ ಮಾತ್ರೆ ಕಂಡು ಮುಖ ಅರಳಿತು.

"ಪರ್ವಾಗಿಲ್ಲ ಕಣೇ, ನಂದೂ ಮರೀದೆ ಕೊಟ್ಟವ್ರೆ," ಎಂದು ಒಂದನ್ನು ಬಾಯಿಗೆ ಹಾಕಿಕೊಂಡು ಲೋಟ ಎತ್ತಿದಳು.

ಅಪ್ಪ ಮಂಚದ ಮೇಲಿಂದ ಅವಳನ್ನೇ ನೋಡುತ್ತಿದ್ದರು.

"ಈ ಸಲ ಬೇಡ ಬೇಡ ಅಂದ್ರೂ ನುಂಗಿಸಿದ್ರು. ಮುಂದಿನ್ಸಲ ನಂಗೆ ಬಾಯಿ ಬಿಡಕ್ಕೂ ಆಗ್ದಿದ್ರೆ?"