ವಾಸನೆ ಹೇಳುತ್ತಿದ್ದ ಕಿಟಕಿ

ಬೆಳಗಿನ ಐದೂವರೆ. ಟೆಕ್ಸಸ್‌ನ ಕೋಟರ್ಸ್ ಕ್ರೀಕ್ ಎಂಬ ಊರು ಇನ್ನೂ ಮಗ್ಗುಲು ಬದಲಿಸುತ್ತಿದೆ. ಆರ್ಡೆಲಾ ಪ್ರೂಯಿಟ್ ಮಾತ್ರ ಹಿತ್ತಲಿನಲ್ಲಿ, ಹೊಗೆಯಲ್ಲಿ ಮಾಂಸ ಬೇಯಿಸುವ ಹಳೆಯ ಎಣ್ಣೆ ಡ್ರಮ್ಮಿನ ಮುಂದೆ ಬಗ್ಗಿ ನಿಂತಿದ್ದಾರೆ. ಡ್ರಮ್ಮಿನ ತಳದ ತಂತಿಬುಟ್ಟಿಯ ತುಂಬ ಇದ್ದಿಲು. ಪಕ್ಕದ ತಗಡಿನ ಕೊಳವೆಯೊಳಗೆ ಇನ್ನಷ್ಟು ಇದ್ದಿಲು ಹೊತ್ತಿಕೊಳ್ಳುತ್ತಿದೆ. ಬೇರೆಯವರಾಗಿದ್ದರೆ ಮೂಸಿ ನೋಡುತ್ತಿದ್ದರು. ಆರ್ಡೆಲಾ ಕಿವಿ ಕೊಟ್ಟು ಕೇಳುತ್ತಾರೆ.

"ಹಸಿ ಇದ್ದಿಲು ಚಟಪಟ ಅಂತ ಜಗಳ ತೆಗೆಯುತ್ತೆ. ಪೂರಾ ಹೊತ್ಕೊಂಡಿದ್ದು ಗಾಜಿನ ಚೂರಿನ ಹಾಗೆ ಸಣ್ಣಗೆ ಕಿಣಿಕಿಣಿ ಅನ್ನುತ್ತೆ. ಮೇಲಿನ ತುಂಡಿಗೂ ಬೂದಿ ಹಿಡೀಬೇಕು. ಅಲ್ಲೀತನಕ ನಾನು ಮುಟ್ಟಲ್ಲ," ಎನ್ನುತ್ತಾರೆ.

ಅರವತ್ಮೂರರ ಈ ಹೆಂಗಸಿಗೆ ವಾಸನೆ ತಿಳಿಯುವುದಿಲ್ಲ. ನಾಲ್ಕು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ಅದನ್ನೂ ನಾಲಿಗೆಯ ರುಚಿಯನ್ನೂ ಕೊಂಡೊಯ್ದಿತು. ಹೊಗೆಯನ್ನೇ ನಂಬಿ ಬದುಕುವವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ. ಆದರೂ ಪ್ರತಿ ಶನಿವಾರ ಊರವರ ತಟ್ಟೆಗೆ ಅವರ ಡ್ರಮ್ಮಿನ ಮಾಂಸ ಬೀಳುತ್ತಲೇ ಇತ್ತು. ಅದಕ್ಕೆ ಕಾರಣ, ಡ್ರಮ್ಮಿನ ಎದುರಿಗಿರುವ ಕಿಟಕಿ.

ಕಿಟಕಿಯ ಒಳಗೆ ಗಂಡ ಕ್ಲೋವಿಸ್ ಮಲಗಿರುತ್ತಿದ್ದರು. ಒಂದು ಕಾಲಕ್ಕೆ ಊರಿನ ಹೆಸರಾಂತ ಕೈ ಅವರದು. ಸಣ್ಣ ಉರಿಯಲ್ಲಿ ರಾತ್ರಿಯೆಲ್ಲ ಕೂತು ಬೇಯಿಸುತ್ತಿದ್ದ ಮನುಷ್ಯ, ಎಂಟು ವರ್ಷದ ಹಿಂದೆ ಲಕ್ವ ಹೊಡೆದು ಹಾಸಿಗೆ ಹಿಡಿದರು. ರಾತ್ರಿ ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಬೇಕಿತ್ತು. ಹಾಗಾಗಿ ಆರ್ಡೆಲಾ ಬೆಂಕಿಯನ್ನು ಹಗಲಿಗೆ ತಂದರು. ಮುನ್ನೂರ ಇಪ್ಪತ್ತೈದು ಡಿಗ್ರಿ ಫ್ಯಾರನ್‌ಹೀಟ್‌ನ ಜೋರು ಉರಿ, ದನದ ಎದೆಭಾಗದ ತಲಾ ಹನ್ನೆರಡು ಪೌಂಡಿನ ನಾಲ್ಕು ದಪ್ಪ ತುಂಡು, ಐದು ಗಂಟೆಯಲ್ಲಿ ಕೆಲಸ ಮುಗಿಯಬೇಕು. ಊರು ಅವರಿಗೆ 'ಅವಸರದ ಆರ್ಡೆಲಾ' ಎಂದು ಹೆಸರಿಟ್ಟು ನಕ್ಕಿತು. ಆಮೇಲೆ ಎರಡನೇ ಸಲ ಬಡಿಸಿಕೊಂಡಿತು.

ಜೋರು ಉರಿಗೆ ಹೊಟ್ಟೆಬಾಕತನ ಹೆಚ್ಚು. ಎರಡು ಗಂಟೆಯಾಗುವಷ್ಟರಲ್ಲಿ ಬುಟ್ಟಿಯ ಇದ್ದಿಲು ಸೊರಗುತ್ತದೆ. ಆಗ ಬೇರೆ ಕಡೆ ಹೊತ್ತಿಸಿದ ಕೆಂಡವನ್ನೇ ಹಾಕಬೇಕು. ಹಸಿ ಇದ್ದಿಲು ಸುರಿದರೆ ಕೊಳಕು ಹೊಗೆ ಎದ್ದು ಮಾಂಸ ಕಹಿಯಾಗುತ್ತದೆ. "ಹೇಗಿದೆ ಹೊಗೆ?" ಎಂದು ಆರ್ಡೆಲಾ ಕೂಗುತ್ತಿದ್ದರು. "ಇನ್ನೂ ಹಸಿ ಕಣೇ, ತಡಿ" ಎಂದು ಕಿಟಕಿಯೊಳಗಿಂದ ತೊದಲು ಉತ್ತರ ಬರುತ್ತಿತ್ತು. ಅವರಿಗೆ ಮೂಗಿತ್ತು, ಇವರಿಗೆ ಕೈಕಾಲಿತ್ತು, ಸಂಸಾರ ನಡೆಯುತ್ತಿತ್ತು.

ಮಾರ್ಚಿನಲ್ಲಿ ಕ್ಲೋವಿಸ್ ತೀರಿಕೊಂಡರು. ಸಾವಿನ ಮನೆಯವರು ಒಲೆ ಮುಟ್ಟುವ ಪದ್ಧತಿ ಇಲ್ಲಿಲ್ಲ, ಊರವರೇ ಊಟ ಹೊತ್ತು ತರುತ್ತಾರೆ. ಆದರೆ ಕ್ಲೋವಿಸ್ ಬದುಕಿದ್ದಾಗಲೇ ಮಾತು ತೆಗೆದುಕೊಂಡಿದ್ದರು: "ನನ್ನ ಮಣ್ಣಿಗೆ ಬಂದವರು ಇನ್ನೊಬ್ಬನ ಕೈ ಮಾಂಸ ತಿಂದು ಹೋಗಬಾರದು." ಆರ್ಡೆಲಾ ಡ್ರಮ್ಮು ಹಚ್ಚಿದರು. ನಡುವೆ ಗಂಡನಿಗೆ ತೊಡಿಸುವ ಕೋಟು ಆರಿಸಲು ಮನೆಯವರು ಅವರನ್ನು ಒಳಗೆ ಕರೆದರು. ಅವರು ಹೊರಗೆ ಬರುವಷ್ಟರಲ್ಲಿ ಉರಿ ಕುಸಿದಿತ್ತು. ಕೊಳವೆ ಹೊತ್ತಿಸುವಷ್ಟು ವ್ಯವಧಾನವಿರಲಿಲ್ಲ. ಚೀಲದಿಂದ ಹಸಿ ಇದ್ದಿಲನ್ನು ಸುರಿದು ಮುಚ್ಚಳ ಹಾಕಿದರು. ಅಂದು ಕಿಟಕಿಯೂ ಮುಚ್ಚಿತ್ತು.

ಚರ್ಚಿನ ಜನ ಅದನ್ನು ಕೊನೆಯ ಚೂರಿನವರೆಗೂ ತಿಂದರು. "ಚೆನ್ನಾಗಿದೆ ಸಿಸ್ಟರ್" ಎಂದು ಕೈ ಹಿಡಿದುಕೊಂಡರು. ಒಂಬತ್ತನೇ ದಿನ ಕ್ಲೋವಿಸ್‌ರ ಅಕ್ಕ ಮೊಜೆಲ್ ಬಾಯಿಬಿಟ್ಟರು: "ಮಸಿ ನೆಕ್ಕಿದ ಹಾಗಿತ್ತು ಕಣೇ. ನಿನ್ನ ಮುಖ ನೋಡಿ ಎಲ್ಲರೂ ನುಂಗಿದ್ರು."

ಆರ್ಡೆಲಾ ಮತ್ತೆ ಡ್ರಮ್ಮು ಮುಟ್ಟಲಿಲ್ಲ. "ಕಹಿಯಾಗಿದ್ದಕ್ಕಲ್ಲ ನಂಗೆ ದುಃಖ. ಅವರು ಕೇಳಿದ್ದು ಅದೊಂದೇ. ಅದನ್ನೂ ಕೆಡಿಸಿ ಕಳಿಸ್ದೆ," ಎನ್ನುತ್ತಾರೆ. ಕೊಳವೆಗೆ ಕಿವಿಗೊಡುವುದನ್ನು ಕಲಿತದ್ದು ಆಮೇಲೆ, ಮಾಂಸವಿಲ್ಲದೆ ಬರಿಯ ಇದ್ದಿಲು ಸುಟ್ಟು ಸುಟ್ಟು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ಇದಕ್ಕೇ ಇರಬೇಕು.

ಐದು ತಿಂಗಳ ಬಳಿಕ, ಇಂದು ಚರ್ಚಿನ ವಾರ್ಷಿಕ ಊಟಕ್ಕೆ ಮತ್ತೆ ನಾಲ್ಕು ತುಂಡು ಡ್ರಮ್ಮಿನಲ್ಲಿವೆ. ಇಂದೂ ಕೆಟ್ಟರೆ ಡ್ರಮ್ಮನ್ನು ಗುಜರಿಗೆ ಹಾಕುವುದೆಂದು ಆರ್ಡೆಲಾ ನಿರ್ಧರಿಸಿದ್ದಾರೆ. ಎಂಟು ಗಂಟೆಯ ಹೊತ್ತಿಗೆ ಡ್ರಮ್ಮಿನ ಉಷ್ಣಮಾಪಕದ ಮುಳ್ಳು ಇನ್ನೂರ ಎಂಬತ್ತಕ್ಕೆ ಇಳಿಯುತ್ತದೆ. ಅವರು ಕೊಳವೆ ಹೊತ್ತಿಸಿ ಕಾಯುತ್ತಾರೆ. ಬೇಲಿ ದಾಟಿ ಮೊಜೆಲ್ ಬರುತ್ತಾರೆ.

"ಉರಿ ಬಿದ್ದಿದೆ, ಹಾಕ್ಬಾರ್ದೇನೇ? ಅವಸರದ ಆರ್ಡೆಲಾಗೆ ಇವತ್ತೇನು ಬಂತು?"

"ಸುಮ್ನಿರಕ್ಕ, ಇನ್ನೂ ಜಗಳ ಆಡ್ತಿದೆ. ಒಂದ್ಸಲ ಮೂಸಿ ಹೇಳ್ತೀಯಾ?"

"ನಾನು ಹೇಳಲ್ಲ. ನೀನೇ ಕೇಳ್ಕೋ."

ಸದ್ದು ತೆಳುವಾಗುವವರೆಗೆ ಇಪ್ಪತ್ತು ನಿಮಿಷ ಕಳೆಯುತ್ತದೆ. ಆಮೇಲೆ ಕೆಂಡ ಒಳಗೆ ಹೋಗುತ್ತದೆ. ಡ್ರಮ್ಮಿನ ತಳದ ಮೂರನೇ ಗಾಳಿಕಿಂಡಿಯನ್ನು ಬೆರಳಷ್ಟು ತೆರೆದಾಗ ಮುಳ್ಳು ನಿಧಾನವಾಗಿ ಏರುತ್ತದೆ.

ಮಧ್ಯಾಹ್ನ ಚರ್ಚಿನಲ್ಲಿ ಎಲ್ಲರೂ ಎಂದಿನಂತೆ "ಚೆನ್ನಾಗಿದೆ" ಎನ್ನುತ್ತಾರೆ. ಆ ಮಾತನ್ನು ಆರ್ಡೆಲಾ ಈಗ ನಂಬುವುದಿಲ್ಲ. ಅವರ ಕಣ್ಣು ಮೊಜೆಲ್‌ರ ತಟ್ಟೆಯ ಮೇಲಿದೆ. ಮೊಜೆಲ್ ಅಗಿಯುತ್ತಾರೆ, ಮತ್ತೆ ಅಗಿಯುತ್ತಾರೆ, ಮುಖ ಕಿವುಚುತ್ತಾರೆ.

"ಉಪ್ಪು ಜಾಸ್ತಿ."

"ಹೊಗೆ?"

"ಹೊಗೆಗೇನಾಗಿದೆ? ನಾನು ಉಪ್ಪಿನ ಮಾತಾಡ್ತಿರೋದು."

ಆರ್ಡೆಲಾ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾರೆ. ಇನ್ನು ಮುಂದೆ ಏನು ಆಸೆ ಎಂದು ಕೇಳಿದರೆ, "ಕೆಟ್ಟಿದ್ರೆ ಕೆಟ್ಟಿದೆ ಅಂತ ಹೇಳೋ ಒಂದು ಬಾಯಿ ನಾನು ಇರೋತನಕ ಇರ್ಲಿ" ಎನ್ನುತ್ತಾರೆ.

ಸಂಜೆ ಬೂದಿ ಚೆಲ್ಲಲು ಹಿತ್ತಲಿಗೆ ಬಂದವರು ಮೊದಲು ಆ ಕಿಟಕಿಯನ್ನು ತೆರೆಯುತ್ತಾರೆ. ಖಾಲಿ ಮಂಚದ ಕಡೆ ನೋಡಿ ಮೆಲ್ಲಗೆ ಹೇಳುತ್ತಾರೆ:

"ಕೇಳಿಸ್ತಾ? ಬರೀ ಉಪ್ಪು ಜಾಸ್ತಿಯಂತೆ."