ಕೊಂಢವಾದ ಸೋದರಮಾವ

ಪುಣೆಯ ಕೊಂಢವಾದ ಒಂದು ಮನೆಗೆ ನೀರಿನ ಫಿಲ್ಟರ್ ರಿಪೇರಿಗೆ ಹೋಗಿದ್ದೆ. ಆಗಷ್ಟೇ ಕಾಲೇಜು ಮುಗಿಸಿದ ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ತಾಯಿಗೆ ಹೇಳುತ್ತಿದ್ದಳು: “ಖರಾಡಿಯಾಗ ಆಫೀಸ್ ಹತ್ರ ಬಾಡಿಗಿ ಭಾಳ ಅದ. ಈ ಖೋಲಿನೂ ಸಿಗಲಿಲ್ಲಂದ್ರ ನೌಕರಿ ಬಿಟ್ಟು ಬೀದರಕ್ಕ ಬರ್ತೀನಿ.”

ಇಬ್ಬರೂ ಒಟ್ಟಿಗೇ ಒಳಗೆ ಹೋದೆವು. ಮನೆಯೊಡತಿ ಮರಾಠಿಯಲ್ಲಿ ಖಡಾಖಂಡಿತವಾಗಿ ಹೇಳಿದಳು, “ಮನೆಯವರು ಯಾರೂ ಬರದೆ ಒಂಟಿ ಹುಡುಗಿಗೆ ಕೋಣೆ ಕೊಡುವುದಿಲ್ಲ.”

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. “ನಾನಿದ್ದೀನಲ್ಲ ಕಾಕೂ, ಇವಳ ಸೋದರಮಾವ,” ಎಂದೆ.

“ಹೌದಾ? ಇವಳ ಹೆಸರೇನು?”

ಯಾರಿಗೆ ಗೊತ್ತು? “ನಮ್ಮ ಕಡೆ ಮನೆಮಗಳನ್ನು ಹೆಸರು ಹಿಡಿದು ಕರೆಯುವುದಿಲ್ಲ, ಅವ್ವಾ ಅಂತೀವಿ,” ಎಂದು ಹುಡುಗಿಯತ್ತ ತಿರುಗಿದೆ. “ಅವ್ವಾ, ಕಾಕೂಗೆ ನಿನ್ನ ಹೆಸರು ಹೇಳು.”

ಹೇಳಿದಳು. ಕೋಣೆ ಸಿಕ್ಕಿತು.

ನಾನು ಹೊರಟಾಗ ಗೇಟಿನ ತನಕ ಬಂದಳು. “ಊರು ಬಿಟ್ಟು ಇಪ್ಪತ್ತು ದಿನ ಆತ್ರಿ. ಎದುರು ನಿಂತು ಅವ್ವಾ ಅಂತ ಯಾರೂ ಕರದಿಲ್ಲ. ಇನ್ನೊಂದ್ ಸಲ ಅನ್ರಿ, ಮಾವಾ.”

ಅವತ್ತಿಗೆ ಮೊದಲು ನಾನೂ ಯಾರನ್ನೂ ಹಾಗೆ ಕರೆದು ಎಷ್ಟೋ ವರ್ಷವಾಗಿತ್ತು. ದಿನವಿಡೀ ಸುಳ್ಳು ಹೇಳಬಲ್ಲ ಗಂಟಲಿನಿಂದ ಆ ಪದ ಹೊರಡಲಿಲ್ಲ. ಧೂಳಿಗೆ ಕೆಮ್ಮು ಬಂತು ಎಂದೆ. ಅದೊಂದನ್ನು ಮಾತ್ರ ಅವಳು ನಂಬಲಿಲ್ಲ.